ಭಾವನ ಎಡಗೈ ಮತ್ತು ಲಿವರಿಲ್ಲದ ಕಾರು

ನನ್ನ ಭಾವನಿಗೆ ಕಾರು ಓಡಿಸಲು ಬರುತ್ತದೆ, ನಿಲ್ಲಿಸಲು ಬರುವುದಿಲ್ಲ. ಹಾಗೆಂದರೆ ಎಷ್ಟು ಮಂದಿಗೆ ಗುದ್ದಿದರೋ ಎಂದು ನೀವು ಗಾಬರಿಯಾಗಬೇಡಿ! ಮೂವತ್ತು ವರ್ಷ ಪುತ್ತಿಗೆಯ ಏರುತಗ್ಗುಗಳಲ್ಲಿ ಜನ ಸಾಗಿಸುವ ಸರ್ವಿಸ್ ಜೀಪು ಓಡಿಸಿ ಒಂದು ಕೋಳಿಗೂ ನೋವು ಮಾಡದ ಮನುಷ್ಯ ಅವರು. ನಿಲ್ಲಿಸಿದ ಕಾರು ನಿಂತೇ ಇರುತ್ತದೆ ಎಂದು ನಂಬಲು ಬರುವುದಿಲ್ಲ, ಅಷ್ಟೆ.

ಅಕ್ಕನ ಮೊಣಕಾಲಿನ ಆಪರೇಷನ್ ಆದ ಮೇಲೆ ಅವಳಿಗೆ ಜೀಪು ಹತ್ತಲು ಆಗದೆ ಹೋಯಿತು. ಅಮ್ಮ ಇರುವುದು ಮೀಂಜದಲ್ಲಿ, ನನ್ನ ಜೊತೆ, ಹಾಸಿಗೆ ಹಿಡಿದು. ತಾಯಿ ಮಗಳು ಮುಖ ನೋಡದೆ ಎಂಟು ತಿಂಗಳು. ದಿನಾ ಫೋನಿನಲ್ಲಿ ಅಮ್ಮನದು ಒಂದೇ ಪ್ರಶ್ನೆ: "ಯಾವಾಗ ಬರ್ತಿ?" ಭಾವ ಜೀಪು ಮಾರಿ, ತಗ್ಗು ಸೀಟಿನ ದೊಡ್ಡ ಕಾರೊಂದನ್ನು ಸೆಕೆಂಡ್‌ಹ್ಯಾಂಡ್ ತಂದರು. ಹಳೆಯ ಯಜಮಾನರು ಗಲ್ಫಿನಲ್ಲಿದ್ದುದರಿಂದ ಅದು ಶೆಡ್ಡಿನಲ್ಲೇ ಇತ್ತಂತೆ. "ನಿಂತು ಅಭ್ಯಾಸ ಇರುವ ಕಾರು ಮಾರಾಯ," ಎಂದು ನನಗೆ ಹೆಮ್ಮೆಯಿಂದ ಹೇಳಿದರು.

ಮನೆಗೆ ತಂದ ಮೇಲೆ ನೋಡಿದರೆ, ಹ್ಯಾಂಡ್‌ಬ್ರೇಕಿನ ಲಿವರೇ ಇಲ್ಲ! ಅದರ ಜಾಗದಲ್ಲಿ ಹೆಬ್ಬೆರಳಿನಷ್ಟು ಒಂದು ಗುಂಡಿ. ಎಳೆದರೆ ಬ್ರೇಕು, ಒತ್ತಿದರೆ ಬಿಡುಗಡೆ. ಭಾವನ ತಲೆಗೆ ಇದು ಒಂದೇ ದಿನದಲ್ಲಿ ಹೋಯಿತು. ಆದರೆ ಮೂವತ್ತು ವರ್ಷದ ಎಡಗೈಗೆ ಯಾರು ಹೇಳುವುದು? ಕಾರು ನಿಲ್ಲಿಸಿದ ಕೂಡಲೇ ಅದು ತಾನಾಗಿ ಲಿವರ್ ಹುಡುಕಿ ಹೊರಡುತ್ತಿತ್ತು. ಸಿಕ್ಕಿದ್ದು ನೀರಿನ ಬಾಟಲಿಯಾದರೆ ಬಾಟಲಿ, ಪಕ್ಕದಲ್ಲಿ ಕೂತ ನನ್ನ ಮೊಣಕಾಲಾದರೆ ಮೊಣಕಾಲು. ಪುತ್ತಿಗೆಯಿಂದ ಕುಂಬಳೆಗೆ ಹೋಗುವಷ್ಟರಲ್ಲಿ ನನ್ನನ್ನು ನಾಲ್ಕು ಸಲ ಎಳೆದು ನಿಲ್ಲಿಸಿದ್ದಾರೆ.

ಕುಂಬಳೆಯ ಪೆಟ್ರೋಲ್ ಪಂಪಿನಲ್ಲಿ ಇನ್ನೊಂದು ಫಜೀತಿ. ಪೆಟ್ರೋಲ್ ಹಾಕಿಸಿ, ಗುಂಡಿ ಒತ್ತಿ, ಎಕ್ಸಿಲರೇಟರ್ ಎಷ್ಟು ತುಳಿದರೂ ಕಾರು ಮಿಸುಕುವುದಿಲ್ಲ. ಹಿಂದೆ ಹಾರನ್ನುಗಳ ಮೆರವಣಿಗೆ. ಕೊನೆಗೆ ಆಟೋ ಡ್ರೈವರೊಬ್ಬರು ಬಂದು ಕಿಟಕಿಯಲ್ಲಿ ತಲೆ ತೂರಿಸಿದರು.

"ಬೆಲ್ಟ್ ಹಾಕಿ ಮಾರಾಯ್ರೆ. ಬೆಲ್ಟ್ ಹಾಕದೆ ಇದರ ಬ್ರೇಕ್ ಬಿಡುವುದಿಲ್ಲ."

"ರಸ್ತೆಗೆ ಹೋದ ಮೇಲೆ ಹಾಕ್ತೇನೆ," ಎಂದರು ಭಾವ.

"ಅದು ನನಗೆ ಹೇಳ್ಬೇಡಿ, ಕಾರಿಗೆ ಹೇಳಿ."

ಇದೆಲ್ಲ ಹೇಗೋ ಅಭ್ಯಾಸವಾಗುತ್ತಿತ್ತು. ಆಗದ್ದು ಅಕ್ಕನಿಗೆ. ಅವರ ಮನೆಯ ಗೇಟಿರುವುದೇ ಕಡಿದಾದ ಏರಿನಲ್ಲಿ. ಅವಳನ್ನು ಎರಡೂ ಕೈಯಲ್ಲಿ ಹಿಡಿದು ಕೂರಿಸಲು ಭಾವ ಇಳಿಯಲೇಬೇಕು. ಆಗ ಕಾರನ್ನು ಹಿಡಿಯುವವರು ಯಾರು? ಬಹಳ ವರ್ಷಗಳ ಹಿಂದೆ ಇದೇ ಏರಿನಲ್ಲಿ ಭಾವ ಚಕ್ರಕ್ಕೆ ಕಲ್ಲು ಕೊಟ್ಟು, ಬ್ರೇಕ್ ಎಳೆಯಲು ಮರೆತು ಇಳಿದಿದ್ದರು. ಕಲ್ಲು ಉರುಳಿ, ಜೀಪು ಅಕ್ಕನನ್ನು ಕೂರಿಸಿಕೊಂಡೇ ಹಿಂದಕ್ಕೆ ಹೋಗಿ ಹಲಸಿನ ಮರಕ್ಕೆ ತಾಗಿ ನಿಂತಿತ್ತು. ಅವಳಿಗೆ ಗಾಯವಾಗಲಿಲ್ಲ. ಅಂದಿನಿಂದ ಮಾತ್ರ ಲಿವರ್ ಎಳೆದ 'ಕರ್ರ್' ಶಬ್ದ ಕಿವಿಯಾರೆ ಕೇಳದೆ ಅವಳು ಆ ಏರಿನಲ್ಲಿ ಗಾಡಿ ಹತ್ತಿದವಳಲ್ಲ.

ಈ ಗುಂಡಿಯೋ, ಎಳೆದರೆ ಸೊಳ್ಳೆಯ ಹಾಗೆ 'ಗುಂಯ್' ಎಂದು ಸುಮ್ಮನಾಗುತ್ತದೆ. ಭಾವ ಉಪಾಯ ಮಾಡಿ, ಗುಂಡಿ ಎಳೆಯುತ್ತಾ ಬಾಯಲ್ಲೇ "ಕರ್ರ್" ಎಂದರು.

"ಬಾಯಿಂದ ಕಾರು ನಿಲ್ಲುವುದಾದರೆ ಬ್ರೇಕ್ ಎಂತಕ್ಕೆ?" ಎಂದಳು ಅಕ್ಕ.

"ಕಲ್ಲು ಬೇಕಾದರೂ ಇಡ್ತೇನೆ."

"ಕಲ್ಲು ಆ ದಿನವೂ ಇಟ್ಟಿದ್ರಿ."

ಕಾರು ತಂದು ತಿಂಗಳಾಯಿತು, ಅಕ್ಕ ಗೇಟು ದಾಟಲಿಲ್ಲ. ಮೀಂಜದಲ್ಲಿ ಅಮ್ಮ ಫೋನಿಗೆ ಬರುವುದೂ ಕಡಿಮೆಯಾಯಿತು. ಮಾತಾಡಿದರೆ ಸುಸ್ತು. ನನಗೆ ಅಕ್ಕ ಭಾವ ಇಬ್ಬರ ಮೇಲೂ ಸಿಟ್ಟು ಬಂತು, ಮುಖಕ್ಕೇ ಹೇಳಿಬಿಡೋಣ ಎಂದು ಒಂದು ಭಾನುವಾರ ಬೆಳಗ್ಗೆ ಪುತ್ತಿಗೆಗೆ ಹೊರಟೆ.

ಏರಿನಲ್ಲಿ ಕಾರು ಮೂತಿ ಮೇಲೆ ಮಾಡಿ ನಿಂತಿತ್ತು. ಒಳಗೆ ಯಾರೂ ಇಲ್ಲ. ಚಕ್ರಕ್ಕೆ ಕಲ್ಲೂ ಇಲ್ಲ. ಕಾರಿನ ಬೆನ್ನಿಗೆ ಎರಡು ಮಾರು ಕೆಳಗೆ, ಸರಿಯಾಗಿ ನಡುಮಧ್ಯದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿ, ಭಾವ ಪೇಪರ್ ಓದುತ್ತಾ ಕೂತಿದ್ದರು.

"ಎಂತ ಭಾವ ಇದು? ಏಳಿ ಮೊದಲು."

"ಇನ್ನು ಹತ್ತು ನಿಮಿಷ ಉಂಟು. ದಿನಕ್ಕೆ ಅರ್ಧ ಗಂಟೆ. ಇವತ್ತಿಗೆ ಎಂಟು ದಿನ ಆಯ್ತು."

"ಜಾರಿದರೆ?"

"ಜಾರುವುದಾದರೆ ನಾನು ಕೂತಾಗ ಜಾರಲಿ. ಅವಳು ಕೂತಾಗ ಬೇಡ."

ಬೈಯಲು ಬಂದಿದ್ದ ನಾನೂ ಹೋಗಿ ಅವರ ಕುರ್ಚಿಯ ಪಕ್ಕದಲ್ಲೇ ನಿಂತೆ. ಅಷ್ಟರಲ್ಲಿ ಗೇಟಿನ ಸದ್ದಾಯಿತು. ವಾಕರ್ ಹಿಡಿದು ಅಕ್ಕ ನಿಂತಿದ್ದಳು. ಎಂಟು ದಿನವೂ ಜಗಲಿಯಿಂದ ನೋಡಿದ್ದಾಳೆ.

"ಓದಿದ್ದು ಸಾಕು, ಎದ್ದು ಬನ್ನಿ," ಎಂದಳು. "ನನ್ನನ್ನು ಹಿಡಿದು ಕೂರಿಸಿ. ಅಮ್ಮ ಕಾಯ್ತಿದ್ದಾಳೆ."

ಭಾವ ಎದ್ದರು. ಅವರ ಕಾಲು ನಡುಗುತ್ತಿತ್ತು. ಎಂಟು ದಿನವೂ ನಡುಗಿರಬೇಕು. ಅಕ್ಕ ಅದನ್ನು ನೋಡಿದಳು. ನೋಡದವಳ ಹಾಗೆ ವಾಕರ್ ಬಿಟ್ಟು ಅವರ ಹೆಗಲಿಗೆ ಕೈ ಹಾಕಿದಳು.