ಪುಡಿ ಅದೇ, ಪೊಟ್ಟಣ ಮಾತ್ರ ಹಳೇದು

ಆಲ್ದೂರಿನಲ್ಲಿ ಕಾಫಿಪುಡಿ ಅಂಗಡಿ ಇಟ್ಟುಕೊಂಡವಳಿಗೆ ನಗುವುದಕ್ಕೆ ಬೇರೆ ಕಡೆ ಹೋಗಬೇಕಾಗಿಲ್ಲ. ಬೆಳಿಗ್ಗೆ ಬಾಗಿಲು ತೆಗೆದರೆ ಸಾಕು, ನಗು ತಾನಾಗೇ ಒಳಗೆ ಬರ್ತದೆ.

ಹಳೇ ರುಚಿ

ಮಿರಿಮಿರಿ ಮಿಂಚುವ ನಮ್ಮ ಪ್ಲಾಸ್ಟಿಕ್ ಪ್ಯಾಕೆಟ್ಟನ್ನು ಪ್ರವಾಸಿಗರು ತಿರುಗಿಯೂ ನೋಡುತ್ತಿರಲಿಲ್ಲ. ಅಂಗಡಿ ಮುಚ್ಚುವ ಮಾತೂ ಬಂದಿತ್ತು. ಕೊನೇ ಪ್ರಯತ್ನ ಅಂತ, ಅದೇ ಪುಡಿಯನ್ನು ಖಾಕಿ ಕಾಗದದ ಪೊಟ್ಟಣದಲ್ಲಿ ತುಂಬಿ, ಹಿಂದಿನವರ ಹಾಗೆ ದಾರ ಸುತ್ತಿ ಇಟ್ಟೆ. ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ಹಿರಿಯರೊಬ್ಬರು ನಮ್ಮ ಖಾಯಂ ಗಿರಾಕಿ. ಒಂದು ಪೊಟ್ಟಣ ಒಯ್ದವರು ಮರುದಿನವೇ ಬಂದರು.

"ಈಗ ಬಂತು ನೋಡಿ ಹಳೇ ರುಚಿ! ಇಷ್ಟು ದಿನ ಕೊಡ್ತಿದ್ದದ್ದು ಪುಡಿಯಾ ಮಾರಾಯ್ರೆ? ಯಾರು ಹುರೀತಿದ್ರು ಅದನ್ನ?"

ಅವತ್ತೂ ಇವತ್ತೂ ಹುರಿಯುವವರು ನನ್ನ ಗಂಡನೇ. ಪಕ್ಕದಲ್ಲೇ ನಿಂತಿದ್ದರು. ಕೈಮುಗಿದು ಹೇಳಿದರು: "ಅವನನ್ನ ಕೆಲಸದಿಂದ ಬಿಡಿಸಿದ್ವಿ ಸಾರ್."

ಸೋಪು

ನಾನೇನು ಜಾಣೆಯಲ್ಲ. ಚಿಕ್ಕಮಗಳೂರಿನ ಪೇಟೆಯಲ್ಲಿ ಹಳೇ ಕಾಲದ ಅಕ್ಷರ, ಹೂಬಳ್ಳಿ ಅಚ್ಚಾಗಿದ್ದ ಕಾಗದ ಸುತ್ತಿದ ಸೋಪು ಕಂಡಿತು. ಮೂಸಿದೆ. ತವರುಮನೆ, ಬಚ್ಚಲ ಹಂಡೆ, ತಲೆ ತಿಕ್ಕುವ ಅಮ್ಮ ಎಲ್ಲ ಕಣ್ಣೆದುರು ಬಂದು ಅಲ್ಲೇ ಕಣ್ಣು ಒದ್ದೆಯಾಯ್ತು. ನಾಲ್ಕು ತಂದೆ. ಗಂಡ ಕನ್ನಡಕ ಏರಿಸಿಕೊಂಡು ಹಿಂದಿನ ಸಣ್ಣಕ್ಷರ ಓದಿದರು.

"ನಮ್ಮ ಬಚ್ಚಲಲ್ಲಿ ಇರೋದೂ ಇದೇ ಸೋಪು ಕಣೇ, ಹೊಸ ಕಾಗದದ್ದು. ದಿನಾ ಅದನ್ನ ಹಚ್ಕೊಳ್ಳೋವಾಗ ಯಾಕೆ ಅಳಲ್ಲ?"

ಅತ್ತೆಯ ಫೋಟೋ

ಆಮೇಲೆ ಪೊಟ್ಟಣದ ಮೇಲೆ ನಮ್ಮತ್ತೆಯ ಕಪ್ಪು-ಬಿಳುಪು ಫೋಟೋ ಹಾಕಿಸಿದೆವು. ಅತ್ತೆ ಮಗಳನ್ನು ನೋಡಲು ವಸ್ತಾರೆಗೆ ಹೋಗಿದ್ದ ವಾರ, ಕಾರಿನಲ್ಲಿ ಗಂಡ-ಹೆಂಡತಿ ಇಬ್ಬರು ಬಂದರು. ಆತ ಫೋಟೋ ನೋಡಿ ಮೆಲ್ಲಗೆ ಕೇಳಿದ, "ಇವರು?"

"ನಮ್ಮತ್ತೆ."

"ಓ... ಯಾವಾಗ ಹೋದ್ರು?"

ನನ್ನ ಕಣ್ಣು ತಕ್ಕಡಿ ಮೇಲಿತ್ತು. "ಸೋಮವಾರ."

"ಅಯ್ಯೋ! ಏನಾಗಿತ್ತು?"

"ಏನೂ ಇಲ್ಲ. ಇಲ್ಲಿ ಬೇಜಾರು ಅಂದ್ರು, ಹೋದ್ರು."

ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಹೋಗುವಾಗ ಏನಾದ್ರೂ ಹೇಳಿದ್ರಾ?"

"'ಹಾಲು ಉಕ್ಕೀತು, ನೋಡ್ಕೋ' ಅಂದ್ರು."

ಒಂದು ಕೇಳಿದ್ದವರು ಆರು ಪೊಟ್ಟಣ ಕಟ್ಟಿ ಅಂದರು. ನಾನು ದಾರ ಸುತ್ತುತ್ತಿರುವಾಗಲೇ ಎದುರಿಗೆ ಬಸ್ಸು ನಿಂತಿತು. ಅತ್ತೆ ಇಳಿದು, ಚೀಲ ಹಿಡಿದು ಸೀದಾ ಮೆಟ್ಟಿಲು ಹತ್ತಿ ಬಂದರು. ಆತ ಪೊಟ್ಟಣ ನೋಡಿದ, ಅತ್ತೆಯನ್ನು ನೋಡಿದ, ಮತ್ತೆ ಪೊಟ್ಟಣ ನೋಡಿದ.

ಅತ್ತೆ ಸ್ಟೂಲಿನ ಮೇಲೆ ಕುಕ್ಕರಿಸಿದರು. "ಮೊದ್ಲು ಒಂದ್ ಲೋಟ ಟೀ ಮಾಡು ಮಾರಾಯ್ತಿ. ನಿಮ್ಮ ಈ ಕಾಫಿ ಕುಡಿದ್ರೆ ನಂಗೆ ಜೀವಾನೇ ಹೋಗ್ತದೆ!"