ಅಕ್ಕ ನನ್ನನ್ನು ಸದನದಿಂದ ಹೊರಗೆ ಹಾಕಿದ್ದು

ನಮ್ಮ ದೇಶದ ಸಂಸತ್ತು ದೆಹಲಿಯಲ್ಲಿದೆ ಎಂದು ನೀವು ಪುಸ್ತಕದಲ್ಲಿ ಓದಿರಬಹುದು. ಓದಿದ್ದನ್ನೆಲ್ಲ ನಂಬಬೇಡಿ! ಅದು ಇರುವುದು ಹಾನಗಲ್ ತಾಲೂಕಿನ ನಮ್ಮೂರಲ್ಲಿ, ನಮ್ಮ ಮನೆಯ ಪಡಸಾಲೆಯಲ್ಲಿ, ಟಿವಿಯ ಎದುರಿನ ಚಾಪೆಯ ಮೇಲೆ. ಸಭಾಪತಿ, ವಿರೋಧ ಪಕ್ಷ, ಪ್ರಶ್ನೆ ಕೇಳುವವರು, ಎದ್ದು ಕೂಗುವವರು, ಎಲ್ಲರೂ ಒಬ್ಬಳೇ. ನಮ್ಮ ಅಕ್ಕ. ಸರಕಾರ ಮಾತ್ರ ನಾನು. ನಲವತ್ತು ವರ್ಷ ಯಾರಿಗೂ ಲೆಕ್ಕ ಹೇಳದೆ ಮನೆ ಆಳಿದವನನ್ನು ಮುದಿವಯಸ್ಸಿನಲ್ಲಿ ನಿಲ್ಲಿಸಿ ಜವಾಬು ಕೊಡು ಎಂದರೆ ಸಿಟ್ಟು ಬರುವುದಿಲ್ಲವೇ? ನನಗೆ ಬಂತು. ಆ ಸಿಟ್ಟಿನಲ್ಲಿ ಏನೇನು ಮಾಡಿದೆ ಎಂಬುದನ್ನು ಬರೆದು ಹಗುರಾಗಬೇಕೆಂದು ಕುಳಿತಿದ್ದೇನೆ.

ಅಕ್ಕ ಓದಿದ್ದು ನಾಲ್ಕನೇ ಇಯತ್ತೆ. ಗಂಡನ ಮನೆ ಸವಣೂರು. ಅಲ್ಲಿ ಓಣಿ ತುಂಬ ಮುಸಲ್ಮಾನರ ಮನೆಗಳು. ನೆರೆಯ ಬೀಬಿಯರೊಡನೆ ಮಾತಾಡಿ ಮಾತಾಡಿ ಉರ್ದು ಬಾಯಿಗೆ ಹತ್ತಿತ್ತು. ಭಾವ ತೀರಿಕೊಂಡ ಮೇಲೆ ನಮ್ಮಲ್ಲಿಗೆ ಬರುವಾಗ ತಂದದ್ದು ಎರಡೇ: ಎಲೆಅಡಿಕೆಯ ಚೀಲ ಮತ್ತು ಆ ಉರ್ದು. ನಾನು ಎಸ್ಸೆಸ್ಸೆಲ್ಸಿ ಪಾಸಾದವನು. ಸಂಸತ್ತಿನ ಚಾನೆಲ್ಲಿನ ಹಿಂದಿ ನನಗೆ ಅರ್ಧಕ್ಕರ್ಧ ತಿಳಿಯದು. ಅವಳಿಗೆ ಬೈಗುಳ ಸಮೇತ ತಿಳಿಯುತ್ತದೆ! ಊರಿನ ಹೆಂಗಸರೆಲ್ಲ ಧಾರಾವಾಹಿ ನೋಡುವ ಹೊತ್ತಿಗೆ ಇವಳು ಮಸೂದೆ ನೋಡುತ್ತಾಳೆ.

ನೋಡಿ ಸುಮ್ಮನಿದ್ದರೆ ಯಾರು ಬೇಡ ಅನ್ನುತ್ತಿದ್ದರು?

“ಏ ತಮ್ಮಾ, ಸರಕಾರ ಅನ್ನೂದು ಸಭಾಕ್ಕ ಜವಾಬು ಕೊಡಬೇಕು, ಗೊತ್ತೈತಿಲ್ಲೋ? ಸಭಾ ಬ್ಯಾಡ ಅಂದ್ರ ಪ್ರಧಾನಮಂತ್ರಿನೂ ಗಂಟುಮೂಟಿ ಕಟ್ಟಬೇಕು.”

“ನಾ ಏನ ಪ್ರಧಾನಮಂತ್ರಿ ಏನಕ್ಕಾ?”

“ಅಲ್ಲ ಬಿಡು. ಗಂಟುಮೂಟಿ ಅಂತೂ ಐತಿಲ್ಲೋ?”

ಒಮ್ಮೆ ಹಿರೇಕೆರೂರಿನಿಂದ ನಮ್ಮ ಬೀಗರು ಬಂದರು. ಮರ್ಯಾದಸ್ಥರು. ಒಗ್ಗರಣೆ ಅವಲಕ್ಕಿಯ ಮೊದಲ ತುತ್ತು ಬಾಯಿಗೆ ಇಟ್ಟಿದ್ದರಷ್ಟೆ, ಅಕ್ಕ ಗಂಟಲು ಸರಿಮಾಡಿಕೊಂಡಳು.

“ಬೀಗರ, ಇದು ಚುಕ್ಕಿ ಹಾಕಿದ ಪ್ರಶ್ನೆ ಐತ್ರಿ. ಬಾಯಿಲೆ ಉತ್ತರ ಹೇಳಬೇಕು. ನಮ್ಮ ಹುಡುಗಿನ್ನ ಎರಡು ಹಬ್ಬಕ್ಕೂ ತವರಿಗೆ ಯಾಕ ಕಳಸಲಿಲ್ಲ?”

“ಅದೂ... ಹೊಲದಾಗ ಕೆಲಸ ಭಾಳ ಇತ್ರಿ ಅಕ್ಕಾರ.”

“ಉಪಪ್ರಶ್ನೆ! ಆ ಕೆಲಸ ಅಕಿ ಒಬ್ಬಾಕಿ ಮ್ಯಾಲೆ ಯಾಕ ಬಿತ್ತು?”

ಬೀಗರಿಗೆ ಅವಲಕ್ಕಿ ನೆತ್ತಿಗೇರಿತು. ನೀರು ಕುಡಿದು, “ಮನ್ಯಾಗ ಕೇಳಿ ತಿಳಸ್ತೇನ್ರಿ” ಅಂದರು. ಅಕ್ಕ ನನ್ನ ಕಡೆ ತಿರುಗಿ, “ನೋಡೋ, ಥೇಟ್ ಮಂತ್ರಿ ಹೇಳಿದಂಗ ಹೇಳಿದ್ರು” ಅಂದಳು! ನಾನು ಭೂಮಿಗಿಳಿದು ಹೋದೆ. ಮುಂದಿನ ಹಬ್ಬಕ್ಕೆ ಮಗಳು ಬಂದಳೆಂಬುದು ಬೇರೆ ಮಾತು.

ಆದರೆ ಅವಳು ಸಂಸತ್ತನ್ನು ದೇವರೆಂದು ತಿಳಿದವಳಲ್ಲ. ಒಂದು ದಿನ ಮೊರದ ತುಂಬ ಅವರೆಕಾಯಿ ಇಟ್ಟುಕೊಂಡು ಸುಲಿಯುತ್ತ ಕೂತಿದ್ದಳು. ಟಿವಿಯಲ್ಲಿ ಗದ್ದಲವೋ ಗದ್ದಲ. ಆ ಗದ್ದಲದ ನಡುವೆಯೇ ಒಂದು ಮಸೂದೆಗೆ ಹೌದೆನ್ನುವವರು ಹೌದೆಂದರು, ಇಲ್ಲವೆನ್ನುವವರು ಇಲ್ಲವೆಂದರು. ಹೌದು ಎಂಬ ದನಿಯೇ ದೊಡ್ಡದೆಂದು ಮಸೂದೆ ಪಾಸಾಯಿತು. ಅಕ್ಕ ಸಿಪ್ಪೆಯನ್ನು ಟಿವಿಗೆ ಎಸೆದಳು.

“ಅರ್ಧ ಮೊರ ಕಾಯಿ ಸುಲಿದಿಲ್ಲ, ಒಂದು ಕಾಯ್ದೆ ಮುಗೀತು! ಆ ವಿರೋಧ ಪಕ್ಷದ ಮನಶ್ಯಾ ಎದ್ದು ನಿಂತು ಎಣಸ್ರಿ ಎಣಸ್ರಿ ಅಂತ ಬಡಕೊಳ್ಳಾಕತ್ತಾನ. ಯಾಕ ಎಣಸಲಿಲ್ಲ?”

“ಆ ಕಾಯ್ದೆಯಿಂದ ನಿನಗೇನಾಗೂದೈತಿ ಅಕ್ಕಾ?”

“ಏನಾಗ್ತೈತೋ ನನಗ ಗೊತ್ತಿಲ್ಲ. ಕೇಳಲಾರದ ಮಾಡಿದ್ರಲ್ಲ, ಅದು ಸಿಟ್ಟು.”

ಅವತ್ತು ಅವಳು ಊಟ ಮಾಡಲಿಲ್ಲ. ಸಭಾತ್ಯಾಗವಂತೆ! ನಾನು ನಕ್ಕು ಎರಡು ರೊಟ್ಟಿ ಹೆಚ್ಚು ತಿಂದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ನಮ್ಮೂರ ಪಂಚಾಯಿತಿಯ ಅಧ್ಯಕ್ಷ ಸ್ಥಾನ ಮಹಿಳೆಗೆ ಮೀಸಲಾಯಿತು. ನನ್ನ ಹೆಂಡತಿಯನ್ನು ನಿಲ್ಲಿಸಿದೆ, ಗೆದ್ದಳು. ಮರುದಿನದಿಂದ ಊರವರು ‘ಅಧ್ಯಕ್ಷರ, ನಮಸ್ಕಾರ್ರೀ’ ಎಂದು ಕೈ ಮುಗಿದದ್ದು ನನಗೆ! ಕುರ್ಚಿಯಲ್ಲಿ ಕುಳಿತವನು ನಾನು. ಸಭೆಯ ನಿರ್ಣಯಗಳ ಠರಾವು ಬರೆಸಿದವನು ನಾನು. ಆಕೆ ರೊಟ್ಟಿ ಬಡಿಯುವಾಗ ಪುಸ್ತಕ ಹಿಡಿದು ಹೋಗಿ, “ಇಲ್ಲೊಂದು ಸಹಿ” ಎನ್ನುತ್ತಿದ್ದೆ. ಆಕೆ ಕೈ ಒರೆಸಿಕೊಂಡು, ಏನು ಎಂದು ಕೇಳದೆ, ಹಾಕುತ್ತಿದ್ದಳು. ನಮ್ಮ ಠರಾವು ಪುಸ್ತಕದ ಎಷ್ಟೋ ಹಾಳೆಗಳ ಮೂಲೆಗೆ ಜೋಳದ ಹಿಟ್ಟಿನ ಬೆರಳಚ್ಚುಗಳಿವೆ.

ಅಕ್ಕ ಇದನ್ನೆಲ್ಲ ಎಲೆ ಜಗಿಯುತ್ತ ನೋಡುತ್ತಿದ್ದಳು.

ಆ ಸಲ ಗ್ರಾಮಸಭೆ ಶಾಲೆಯ ಅಂಗಳದಲ್ಲಿ ಸೇರಿತು. ಊರ ಬಾಗಿಲಿಗೆ ಒಂದು ಕಮಾನು ಕಟ್ಟಿಸಬೇಕು, ಅದರ ಮೇಲೆ ಹೆಂಡತಿಯ ಹೆಸರಿನ ಪಕ್ಕ ನನ್ನ ಹೆಸರೂ ಇರಬೇಕು ಎಂಬುದು ನನ್ನ ಆಸೆ. ಕೆಳಗಿನ ಓಣಿಯವರಿಗೆ ನಳ ಬೇಕಾಗಿತ್ತು. ಅಲ್ಲಿನ ಹೆಂಗಸರು ಕೆರೆಯ ದಂಡೆಯ ಬೋರಿನಿಂದ ಕೊಡ ಹೊರುತ್ತಿದ್ದರು. ಎರಡಕ್ಕೂ ಸಾಲುವಷ್ಟು ಅನುದಾನವಿರಲಿಲ್ಲ. ನಾನು ಮೈಕು ಹಿಡಿದು, “ಕಮಾನಿಗೆ ಎಲ್ಲಾರ ಒಪ್ಪಿಗಿ ಐತಿ, ಹೌದಲ್ರಿ?” ಅಂದೆ. ಮುಂದಿನ ಸಾಲಿನ ನನ್ನ ಗೆಳೆಯರು ಚಪ್ಪಾಳೆ ತಟ್ಟಿದರು. ಮುಗಿಯಿತು ಅಂದುಕೊಂಡೆ.

ಹೆಂಗಸರ ನಡುವಿನಿಂದ ಅಕ್ಕ ಎದ್ದಳು.

“ಅಧ್ಯಕ್ಷರ, ಒಂದು ಮಾತೈತ್ರಿ.”

“ಹೇಳಕ್ಕಾ,” ಅಂದೆ.

“ನಿನ್ನ ಕರದಿಲ್ಲ. ನಾ ಅಧ್ಯಕ್ಷರ ಜೋಡಿ ಮಾತಾಡಾಕತ್ತೇನಿ. ಅಧ್ಯಕ್ಷರ, ಆರಿಸಿ ಬರಲಾರದ ಅಪರಿಚಿತರೊಬ್ಬರು ನಿಮ್ಮ ಕುರ್ಚಿಯಾಗ ಕುಂತಾರ. ಅವರನ್ನ ಹೊರಗ ಕಳಸ್ರಿ.”

ಅಪರಿಚಿತ! ಸದನದ ಸದಸ್ಯರಲ್ಲದವರನ್ನು ದಿಲ್ಲಿಯಲ್ಲಿ ಹಾಗೆ ಕರೆಯುತ್ತಾರಂತೆ. ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದ ಅಕ್ಕ, ನನ್ನ ಮೂಗು ಸೀಟಿದ ಅಕ್ಕ, ಅವಳಿಗೆ ನಾನು ಅಪರಿಚಿತನೇ? ಇಡೀ ಊರು ಗೊಳ್ಳೆಂದು ನಕ್ಕಿತು. ಪಂಚಾಯಿತಿಯ ಪಿಡಿಓ ಸಾಹೇಬರು ತಲೆ ಕೆರೆದುಕೊಂಡು, “ಅವರು ಅಂದದ್ದು ಖರೆ ಐತ್ರಿ, ಅಧ್ಯಕ್ಷರ ಕುಂದರಬೇಕು” ಅಂದರು. ಚಹದ ಕೆಟಲಿನ ಬಳಿ ನಿಂತಿದ್ದ ನನ್ನ ಹೆಂಡತಿ ಸೆರಗು ಸರಿಮಾಡಿಕೊಳ್ಳುತ್ತ ಬಂದಳು. ನನ್ನ ಮುಖ ನೋಡದೆ, “ನೀವು ಸ್ವಲ್ಪ ಅಲ್ಲಿ ಕುಂದರ್ರಿ” ಎಂದು ಅಂಗಳದ ಗೇಟಿನ ಬಳಿಯ ಬೆಂಚು ತೋರಿಸಿದಳು. ಮೈಕಿನಲ್ಲಿ ಆಕೆಯ ಮೊದಲ ಮಾತು ನನಗಿನ್ನೂ ಕೇಳಿಸುತ್ತದೆ. “ನಳ ಬೇಕನ್ನೋರು ಕೈ ಎತ್ರಿ... ಯಾರೂ ಕೈ ಇಳಸಬ್ಯಾಡ್ರಿ, ಎಣಸಾಕತ್ತೇನಿ.”

ಕಮಾನು ಬಿತ್ತು. ಕಟ್ಟುವ ಮೊದಲೇ ಬಿದ್ದ ಕಮಾನು ಅದೊಂದೇ ಇರಬೇಕು!

ಎಂಟು ದಿನ ನಾನು ಅಕ್ಕನೊಡನೆ ಮಾತು ಬಿಟ್ಟೆ. ಒಂಬತ್ತನೆಯ ದಿನ ತಡೆಯಲಾರದೆ ಕೂಗಾಡಿದೆ. “ಊರ ಮುಂದ ನನ್ನ ಮಾನ ಕಳದಿ! ಎಲ್ಲಾರೂ ಒಪ್ಪಿದ್ರು. ಎಣಸೂದು ಏನಿತ್ತು?”

ಅಕ್ಕ ಟಿವಿ ಆರಿಸಿದಳು. ಕಲಾಪ ನಡೆಯುವಾಗ ಅವಳು ಟಿವಿ ಆರಿಸಿದ್ದನ್ನು ನಾನು ಅಂದೇ ನೋಡಿದ್ದು.

“ಇದ ಪಡಸಾಲಿಯಾಗ ಅವತ್ತೂ ಎಲ್ಲಾರೂ ಒಪ್ಪಿದ್ರು ತಮ್ಮಾ. ಅಪ್ಪ, ಕಾಕಾ, ಊರ ಹಿರೇರು ಕುಂತಿದ್ರು. ಹೆಣ್ಣಹುಡುಗಿಗೆ ಸಾಲಿ ಸಾಕು, ಗಂಡಹುಡುಗನ್ನ ಕಲಸೂಣು ಅಂದ್ರು. ಮಾಸ್ತರ ಬಂದು ಹೇಳಿದ್ರೂ ಕೇಳಲಿಲ್ಲ. ನಾ ಪಾಟಿ ಹಿಡಕೊಂಡು ಆ ಬಾಗಲ ಹಿಂದ ನಿಂತಿದ್ದೆ. ಬ್ಯಾಡ ಅಂದೆ. ಯಾರಿಗೂ ಕೇಳಲಿಲ್ಲ. ಆ ದಿಲ್ಲಿಯಾಗ ಒಮ್ಮೊಮ್ಮೆ ತಪ್ಪಿದ್ರೂ, ಸೋತವರನ್ನೂ ಎಣಸ್ತಾರೋ. ಬ್ಯಾಡ ಅಂದವರು ಇಷ್ಟು ಮಂದಿ ಅಂತ ಪುಸ್ತಕದಾಗ ಬರೀತಾರ. ಅದಕ್ಕ ನೋಡ್ತೇನಿ.”

ನನಗೆ ಆ ಪಾಟಿ, ಅವಳು ಬರೆಯುತ್ತಿದ್ದ ಸ್ಲೇಟು, ನೆನಪಾಯಿತು. ಮರುದಿನ ಅದು ನನ್ನ ಕೈಗೆ ಬಂದಿತ್ತು. ಅದರ ಒಂದು ಮೂಲೆ ಒಡೆದಿದೆ, ಹೊಸದು ಬೇಕು ಎಂದು ನಾನು ಹಟ ಹಿಡಿದು ಅತ್ತಿದ್ದೆ. ಆಗ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಸಮಾಧಾನ ಮಾಡಿದವಳೂ ಅವಳೇ. ನಾನು ಎಸ್ಸೆಸ್ಸೆಲ್ಸಿ ಪಾಸಾದವನು ಎಂದು ಮೇಲೆ ಬರೆದಿದ್ದೇನಲ್ಲ!

ಶಾಲೆಯ ಹುಡುಗನಂತೆ ಬಲಗೈ ಮೇಲೆತ್ತಿದೆ.

“ಏನೋ ಅದು?”

“ಅವತ್ತಿನ ಮಾತಿಗೆ ನಂದೂ ಬ್ಯಾಡ, ಅಕ್ಕಾ.”

ಅಕ್ಕ ಬಾಯಿಯ ಎಲೆಯನ್ನು ಒಂದು ಪಕ್ಕಕ್ಕೆ ಸರಿಸಿ ನಕ್ಕಳು. “ಮತ ಎಣಸೂ ಗಂಟಿ ಬಾರಿಸಿ, ಸಭಾದ ಬಾಗಲಾ ಹಾಕಿ ಅರವತ್ತ ವರ್ಷ ಆತೋ ಹುಚ್ಚಪ್ಪಾ. ಈಗ ಬರ್ತಿ?”

ನನ್ನ ಕೈ ತಾನಾಗಿ ಇಳಿಯತೊಡಗಿತು. ಅವಳು ಮುಂದಕ್ಕೆ ಬಾಗಿ ಮಣಿಕಟ್ಟು ಹಿಡಿದಳು.

“ಇಳಸಬ್ಯಾಡ ತಮ್ಮಾ. ಎಣಸಾಕತ್ತೇನಿ. ಒಂದು...”

ಆಮೇಲೆ ತನ್ನದೂ ಎತ್ತಿದಳು. “ಎರಡು.”