ಕಲಂಗುಟ್ ಕಿನಾರೆಯ ಗುಣ ನೋಂದಣಿ

೧೯೮೯ನೇ ಅಕ್ಟೋಬರ್ ಏಳರಂದು, ಶನಿವಾರ, ಬೆಳಿಗ್ಗೆ ಹತ್ತೂ ಐದಕ್ಕೆ, ಕಲಂಗುಟ್ ಕಿನಾರೆಯ ಮೇಲಿನ 'ಕಡಿಮೆ ದರ' ಎಂಬ ಗುಣವನ್ನು ಗೂಡುಸಾಬನ ಹೆಸರಿಗೆ ನೋಂದಾಯಿಸಲಾಯಿತು. ಗೂಡುಸಾಬ ಕಪ್ಪೆಚಿಪ್ಪಿನ ಸರ ಮಾರುವವನು. ಸಾಲಿನಲ್ಲಿ ಮೊದಲು ನಿಂತಿದ್ದ. ಹತ್ತೂ ಆರರಿಂದ ಕಿನಾರೆಯಲ್ಲಿ ಬೇರೆ ಯಾರೂ ಕಡಿಮೆ ದರಕ್ಕೆ ಏನನ್ನೂ ಮಾರುವಂತಿರಲಿಲ್ಲ.

ಎರಡನೆಯವಳು ಹೇಮಿಬಾಯಿ. 'ಗಟ್ಟಿ ಹೊಲಿಗೆ' ಬರೆಸಿದಳು. ಮೂರನೆಯವನು ಮೋತಿಲಾಲ. 'ಖರೇ ಮಾತು' ಬರೆಸಿ ಹೊರಗೆ ಬಂದ. ಒಳಗೆ ಏನು ಕೇಳುತ್ತಾರೆ ಎಂದವರಿಗೆ, "ಏನಿಲ್ಲ, ಬರೇ ಹೆಸರ ಕೇಳ್ತಾರ" ಎಂದು ಹೇಳಿ ಹೋದ. ನಾಲ್ಕನೆಯ ಅಮೀರಬಿ 'ನಗುಮುಖ' ತೆಗೆದುಕೊಂಡಳು. ಅವಳ ಹಿಂದೆ ನಿಂತಿದ್ದ ಗಂಗೀಬಾಯಿಗೆ ಆಗ ಯಾಕೋ ನಗು ಬಂದಿತ್ತು. ಎಚ್ಚರಿಕೆ ಕೊಟ್ಟು ಬಿಡಲಾಯಿತು.

ಇದನ್ನು ನಡೆಸಿದ್ದು ಕಿನಾರೆ ವ್ಯಾಪಾರ ಶಿಸ್ತು ಸಮಿತಿ. ಅದರ ಕಾರ್ಯದರ್ಶಿ ಸಾಹೇಬರು ಪುಣೆಯಲ್ಲಿ ಮೂರು ದಿನ ವ್ಯಾಪಾರದ ತರಬೇತಿ ಪಡೆದು ಬಂದಿದ್ದರು. ಬೇರೆ ಯಾರಲ್ಲೂ ಇಲ್ಲದ ಒಂದು ಗುಣ ಇದ್ದರೇ ವ್ಯಾಪಾರ ಉಳಿಯುತ್ತದೆ ಎಂದು ಅಲ್ಲಿ ಕಲಿಸಿದ್ದರು. ಕಿನಾರೆಯಲ್ಲಿ ನಲವತ್ತಮೂರು ವ್ಯಾಪಾರಿಗಳಿದ್ದರು. ಸಾಹೇಬರು ಎರಡು ಸಲ ತಿರುಗಿ ನೋಡಿದರು. ಯಾರಲ್ಲೂ ಅಂಥದ್ದು ಕಾಣಲಿಲ್ಲ. ಸುತ್ತೋಲೆ ಹೊರಟಿತು.

'ಪ್ರತಿಯೊಬ್ಬ ವ್ಯಾಪಾರಿಗೂ ಒಂದು ವೈಶಿಷ್ಟ್ಯ ಇರತಕ್ಕದ್ದು. ಒಬ್ಬರ ವೈಶಿಷ್ಟ್ಯ ಇನ್ನೊಬ್ಬರಲ್ಲಿ ಕಂಡುಬಂದಲ್ಲಿ ಕಳವು ಎಂದು ಪರಿಗಣಿಸಲಾಗುವುದು. ವೈಶಿಷ್ಟ್ಯ ಇಲ್ಲದವರಿಗೆ ವ್ಯಾಪಾರದ ಬಿಲ್ಲೆ ಇಲ್ಲ. ಬಿಲ್ಲೆ ಇಲ್ಲದವರ ಗಂಟು ಜಪ್ತಿ.'

ಈ ನಲವತ್ತಮೂರರಲ್ಲಿ ಒಬ್ಬಳಾದ ಥಾವರಿಬಾಯಿಯ ಗಂಟಿನಲ್ಲಿ ನಲವತ್ತೊಂದು ಚೀಲ ಇದ್ದವು. ಮಳೆಗಾಲ ಪೂರ್ತಿ ವಿಜಾಪುರದ ಕಡೆಯ ಲಂಬಾಣಿ ತಾಂಡೆಯಲ್ಲಿ ಕೂತು, ಕನ್ನಡಿ ಕೂರಿಸಿ, ಕವಡೆ ಕಟ್ಟಿ ಹೊಲಿದದ್ದು. ಅವನ್ನು ಮಾರಿ ಮುಗಿಸುವುದೊಂದೇ ಅವಳಿಗೆ ಬೇಕಾಗಿದ್ದದ್ದು. ಸುತ್ತೋಲೆ ಓದಿ ಹೇಳಿದವರು, ವೈಶಿಷ್ಟ್ಯ ತೆಗೆದುಕೊಂಡು ಬಾ ಎಂದಿದ್ದರು. ಅವಳು ಶುಕ್ರವಾರ ಮಾಪುಸಾ ಸಂತೆಗೆ ಹೋದಳು. ಅಲ್ಲಿ ಧಾರವಾಡದ ವಿರೂಪಾಕ್ಷಪ್ಪನವರ ಅರಿವೆ ಅಂಗಡಿ ಇತ್ತು.

"ವೈಶಿಷ್ಟ್ಯ ಐತೇನ್ರಿ ಯಪ್ಪಾ?"

ವಿರೂಪಾಕ್ಷಪ್ಪನವರು ಇಪ್ಪತ್ತು ವರ್ಷ ಅಂಗಡಿ ನಡೆಸಿದವರು. ಗಿರಾಕಿಗೆ ಇಲ್ಲ ಎಂದವರಲ್ಲ.

"ಇತ್ತವ್ವಾ. ನಿನ್ನೇನ ಖಾಲಿ ಆತು. ಮುಂದಿನ ವಾರ ತರಿಸಿಡ್ತೀನಿ. ಎಷ್ಟು ಮೀಟರ್ ಬೇಕು?"

"ಒಂದ ಸಾಕ್ರಿ."

ಶನಿವಾರ ಪಣಜಿಯಲ್ಲೂ ಹುಡುಕಿದಳು. ಅಲ್ಲಿಯೂ ಸಿಗಲಿಲ್ಲ. ಗಂಟು ಮಾತ್ರ ಹೊತ್ತು ಸಮಿತಿಯ ಕಚೇರಿ ಮುಟ್ಟಿದಾಗ ನಾಲ್ಕು ಗಂಟೆ. ಉಳಿದವರೆಲ್ಲರ ಕೆಲಸ ಮುಗಿದಿತ್ತು. ಬೆಳಗಾವಿ ಕಡೆಯ ಕಾರಕೂನ ನಿಜಲಿಂಗಪ್ಪ ಮುಚ್ಚಿದ ದಫ್ತರವನ್ನು ಮತ್ತೆ ತೆರೆದ.

"ನಿನ್ನ ಗುಣಾ ಏನು, ಹೇಳು ಬಾಯಿ."

"ಚಲೋ ಮಾಲು ಐತ್ರಿ."

"'ಚಲೋ ಮಾಲು' ಗೌರಿಬಾಯಿ ತಗೊಂಡಾಳ. ನಿಂದು ಇನ್ನ ಚಲೋ ಇರಂಗಿಲ್ಲ."

"ಬಣ್ಣಾ ಬಿಡಂಗಿಲ್ರಿ."

"ಅದು ಹತ್ತನೇ ನಂಬರಿಗೆ ಹೋತು. ಇವತ್ತಿನಿಂದ ನಿಂದು ಬಿಡತೈತಿ."

"ದೇವರ ಮ್ಯಾಲೆ ಭಕ್ತಿ ಐತ್ರಿ."

"ಅದನ್ನ ಆರು ಮಂದಿ ಕೇಳಿದ್ರು. ಚೀಟಿ ಎತ್ತಿ ಒಬ್ಬರಿಗೆ ಕೊಟ್ಟೇವಿ."

ಥಾವರಿಬಾಯಿ ಗಂಟು ಇಳಿಸಿ ಅದರ ಮೇಲೆ ಕೂತಳು.

"ಎಲ್ಲಾರೂ ಎಲ್ಲಾ ತಗೊಂಡ್ರ ನಾ ಏನ್ ಮಾಡ್ಲಿ ಯಣ್ಣಾ? ಮಾರೂದ ಬಿಡ್ಲೇನು?"

ನಿಜಲಿಂಗಪ್ಪ ಒಂದರಿಂದ ನಲವತ್ತೆರಡರ ತನಕ ಬೆರಳಾಡಿಸಿದ.

"ಇದನ್ನ ಯಾರೂ ತಗೊಂಡಿಲ್ಲ ನೋಡು," ಎಂದು ಬರೆದುಕೊಂಡ. ಕ್ರಮಾಂಕ ನಲವತ್ತಮೂರು. ವೈಶಿಷ್ಟ್ಯ: ಮಾರುವುದಿಲ್ಲ.

ಅವಳು ಹೆಬ್ಬೆಟ್ಟು ಒತ್ತಿದಳು. ತಗಡಿನ ಬಿಲ್ಲೆ ಸಿಕ್ಕಿತು.

"ಇನ್ನ ಮಾರಬಹುದೇನ್ರಿ?"

"ಕುಂದ್ರಬಹುದು. ಮಾರಂಗಿಲ್ಲ."

ಹಂಗಾಮು ಶುರುವಾಯಿತು. ನಲವತ್ತೆರಡು ವ್ಯಾಪಾರಿಗಳು ಪ್ರವಾಸಿಗರ ಬೆನ್ನು ಹತ್ತಿದರು. ಥಾವರಿಬಾಯಿ ಗಂಟು ಬಿಚ್ಚಿಟ್ಟುಕೊಂಡು ಸುಮ್ಮನೆ ಕೂತಳು. ಬೆನ್ನು ಹತ್ತದವಳು ಒಬ್ಬಳಿದ್ದಾಳೆಂದು ಪ್ರವಾಸಿಗರಿಗೆ ಗೊತ್ತಾಗಲು ಎಂಟು ದಿನ ಹಿಡಿಯಿತು. ಆಮೇಲೆ ಒಬ್ಬೊಬ್ಬರೇ ಬಂದು ಅವಳ ಹತ್ತಿರ ಕೂತರು. ಒಬ್ಬ ಜರ್ಮನ್ ಮುದುಕಿ ಕೆಂಪು ಚೀಲಕ್ಕೆ ಕೈ ತೋರಿಸಿದಳು. ಸಮಿತಿಯ ಪಹರೆಯವನು ಪಕ್ಕದಲ್ಲೇ ಇದ್ದ. ಥಾವರಿಬಾಯಿ ತಲೆ ಅಲ್ಲಾಡಿಸಿದಳು. ಮುದುಕಿ ದುಪ್ಪಟ್ಟು ಕೊಡುತ್ತೇನೆಂದಳು. ಮತ್ತೆ ತಲೆ ಅಲ್ಲಾಡಿಸಿದಳು. ಮರುದಿನ ಮುದುಕಿ ಐದು ಜನರನ್ನು ಕರೆದುಕೊಂಡು ಬಂದಳು.

ಹೇಮಿಬಾಯಿ ಸೊಂಟದ ಮೇಲೆ ಕೈ ಇಟ್ಟು ನಿಂತಳು.

"ಏನವ್ವಾ ಮಾರದಾಕಿ! ನನ್ನ ಗಿರಾಕಿ ಎಲ್ಲಾ ನಿನ್ನ ಮುಂದ ಕುಂತಾವಲ್ಲ. ಏನ್ ಮದ್ದು ಹಾಕೀದಿ?"

"ಕೊಡಂಗಿಲ್ಲ ಅಂತೇನಿ. ಅದಕ್ಕ ಬರತಾವ."

"ಸುಳ್ಳ ಹೇಳಬ್ಯಾಡ."

"ಸುಳ್ಳನ ಹೇಳಬೇಕು. ಖರೇ ಮಾತು ಮೋತಿಲಾಲಂದು."

ಹೇಮಿಬಾಯಿಗೆ ನಗು ಬಂತು. ಪಹರೆಯವನು ದಂಡ ಹಾಕಿದ. ಡಿಸೆಂಬರ್ ಕೊನೆಗೆ ಸಮಿತಿಯ ವರದಿಯಲ್ಲಿ ನಗು ಕಳವಿನ ಪ್ರಕರಣ ಹದಿನೇಳು ಇದ್ದವು. ಖರೇ ಮಾತಿನವು ಎರಡು.

ಥಾವರಿಬಾಯಿ ಸಾಹೇಬರ ಮುಂದೆ ನಿಂತಳು. ಸಾಹೇಬರು ಮಾತಾಡಿದ್ದು ಕೊಂಕಣಿ. ನಿಜಲಿಂಗಪ್ಪ ಅದನ್ನು ಕನ್ನಡಕ್ಕೆ ಇಳಿಸಿದ.

"ದಿನಾ ಹತ್ತಿಪ್ಪತ್ತು ಮಂದಿ ಕೇಳಾಕತ್ತಾರ್ರಿ. ಒಂದರ ಮಾರ್ಲೇನ್ರಿ?"

"ಒಂದು ಮಾರಿದ್ರೂ ನಿನ್ನ ಗುಣಾ ಕೆಡತೈತಿ ಅಂತಾರ."

"ಹೊಟ್ಟಿಗೆ ಏನ್ ಮಾಡ್ಲಿರಿ?"

ಸಾಹೇಬರು ಸುತ್ತೋಲೆ ತಿರುವಿ ನೋಡಿದರು.

"ಹೊಟ್ಟಿ ಎಲ್ಲಾರಿಗೂ ಐತಂತ. ಅದು ವೈಶಿಷ್ಟ್ಯ ಅಲ್ಲಂತ."

ಗೈರುಹಾಜರಿಯೂ ಸಾಧ್ಯವಿರಲಿಲ್ಲ. ಮೂರು ದಿನ ಬಾರದಿದ್ದರೆ ಬಿಲ್ಲೆ ರದ್ದು, ಗಂಟು ಜಪ್ತಿ. ಅವಳು ಬೆಳಿಗ್ಗೆ ಹೋಟೆಲು ಕಟ್ಟುವಲ್ಲಿ ಮರಳು ಹೊತ್ತಳು. ಮಧ್ಯಾಹ್ನದಿಂದ ಸಂಜೆಯವರೆಗೆ ಕಿನಾರೆಯಲ್ಲಿ ಕೂತು ಮಾರಲಿಲ್ಲ. ಜನ ಹೆಚ್ಚಾದರು. ಸಮಿತಿ ಅವಳ ಸುತ್ತ ಹನ್ನೆರಡು ಕುರ್ಚಿ ಹಾಕಿ, ಕುರ್ಚಿಗೆ ಐದು ರೂಪಾಯಿ ಶುಲ್ಕ ಗೊತ್ತುಮಾಡಿತು. ಅದರಲ್ಲಿ ತನಗೂ ಏನಾದರೂ ಬರಬಹುದೇ ಎಂದು ಅವಳು ನಿಜಲಿಂಗಪ್ಪನ ಮೂಲಕ ಕೇಳಿಸಿದಳು. ಹಣ ಪಡೆಯುವುದನ್ನು ಮಾರಾಟ ಎಂದೇ ತಿಳಿಯಲಾಗುವುದು ಎಂದು ಲಿಖಿತ ಉತ್ತರ ಬಂತು.

೧೯೯೦ರ ಅಕ್ಟೋಬರ್ ಏಳಕ್ಕೆ ಬಿಲ್ಲೆಗಳ ಅವಧಿ ಮುಗಿಯಿತು. ಈ ಸಲ 'ಮಾರುವುದಿಲ್ಲ' ಗುಣಕ್ಕೆ ನಲವತ್ತಮೂರು ಅರ್ಜಿ ಬಂದವು. ನಲವತ್ತೆರಡು ಹಳೆಯ ವ್ಯಾಪಾರಿಗಳವು. ಒಂದು, ಅವಳು ಮರಳು ಹೊತ್ತ ಹೋಟೆಲಿನ ಸಾಹುಕಾರನದು. ಥಾವರಿಬಾಯಿ ಅರ್ಜಿ ಹಾಕಲಿಲ್ಲ. ಸಮಿತಿ ಗುಣವನ್ನು ಹರಾಜಿಗೆ ಇಟ್ಟಿತು. ಸಾಹುಕಾರ ತೆಗೆದುಕೊಂಡ. ಆದರೆ ಅವನು ಬಿಸಿಲಲ್ಲಿ ಮರಳ ಮೇಲೆ ಕೂರುವ ಮನುಷ್ಯನಲ್ಲ. ಮರುದಿನ ನಿಜಲಿಂಗಪ್ಪ ಅವಳನ್ನು ಕರೆಸಿದ.

"ಸಾಹುಕಾರ್ರಿಗೆ ಗಂಟು ಬೇಕಂತ. ಎಷ್ಟಕ್ಕ ಕೊಡ್ತಿ?"

ಥಾವರಿಬಾಯಿ ಪಹರೆಯವನ ಕಡೆ ನೋಡಿದಳು.

"ಮಾರಬಹುದೇನ್ರಿ?"

"ನಿನ್ನ ಬಿಲ್ಲೆ ನಿನ್ನೆ ಮುಗೀತು. ಜಪ್ತಿ ನಾಳಿಗೆ. ಇವತ್ತ ನಿನ್ನಾಗ ಯಾವ ಗುಣಾನೂ ಇಲ್ಲ. ಮಾರು."

ಅವಳು ದರ ಹೇಳಿದಳು. ನಲವತ್ತೊಂದೂ ಚೀಲ ಒಂದೇ ಕೈಗೆ ಹೋದವು.

ಮರುದಿನದಿಂದ ಅದೇ ಜಾಗದಲ್ಲಿ, ಅದೇ ಗಂಟಿನ ಮುಂದೆ, ಸಾಹುಕಾರ ಕೊಡುವ ದಿನಕ್ಕೆ ಮೂವತ್ತು ರೂಪಾಯಿ ಕೂಲಿಗೆ, ಥಾವರಿಬಾಯಿ ಮಾರದೆ ಕೂತಳು.